ಯಾರನ್ನು ಮನೆಗೆ ಕಳಿಸಬೇಕು?

ಎಲ್ಲರಿಗೂ ನಮಸ್ಕಾರ. ಮುಂಬೈಯ ಮಾಟುಂಗಾದಲ್ಲಿ, ಇಂಥ ಮಳೆಯಲ್ಲಿ, ಬಸುರಿಯರ ಬಿಪಿ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ. ಆಮಂತ್ರಣದಲ್ಲಿ ಬಿಸಿಬೇಳೆಬಾತ್ ಅಂತ ಹಾಕಿದ್ದೂ ಒಂದು ಕಾರಣ ಇರಬಹುದು. ಇರಲಿ.

ಪ್ರೀಎಕ್ಲಾಂಪ್ಸಿಯಾ ಏನು ಅಂತ ನಿಮಗೆ ವಿವರಿಸಬೇಕಿಲ್ಲ. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಇಲ್ಲವೇ ಲಿವರ್, ಕಿಡ್ನಿ ತೊಂದರೆ ಕೊಡುತ್ತವೆ. ಇಷ್ಟು ಸ್ಪಷ್ಟವಾಗಿದ್ದರೆ ನಮಗೂ ಗೊಂದಲವಿಲ್ಲ. ನನ್ನ ತಲೆ ತಿನ್ನುವುದು ಗಡಿಯಲ್ಲಿ ನಿಂತ ಹೆಂಗಸು. ಬಿಪಿ 138/88. ಸ್ವಲ್ಪ ತಲೆನೋವು. ಮೂತ್ರದಲ್ಲಿ ಪ್ರೋಟೀನ್ ಇದೆಯೋ ಇಲ್ಲವೋ ಎಂಬಷ್ಟು. ಮನೆ ದೂರದ ವಿರಾರ್. ವಾರ್ಡಿನಲ್ಲಿ ಮಂಚ ಖಾಲಿ ಇಲ್ಲ. ಅವಳನ್ನು ಮನೆಗೆ ಕಳಿಸಬೇಕಾ, ಇಟ್ಟುಕೊಳ್ಳಬೇಕಾ? ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ವಿರಾರ್‌ನಿಂದ ವಾಪಸ್ ಬರುವುದು ಹೇಗೆ, ಹೇಳಿ.

ಈ ಕಾಯಿಲೆ ಶುರುವಾಗುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಮಾಸಿನ ಕಣಗಳು ಗರ್ಭಕೋಶದ ಸುರುಳಿ ರಕ್ತನಾಳಗಳಿಗೆ ಇಳಿದು, ಅವನ್ನು ಅಗಲ ಮಾಡಬೇಕು. ಎಷ್ಟೋ ಸಲ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ರಕ್ತ ಸಾಲದ ಮಾಸು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಜಾಸ್ತಿ ಸುರಿಯುತ್ತದೆ. ಅದೇ ಮಾಸು ತಯಾರಿಸುವ ಇನ್ನೊಂದು ಪ್ರೋಟೀನ್ ಪಿಎಲ್‌ಜಿಎಫ್, ಅಂದರೆ ಪ್ಲಾಸೆಂಟಲ್ ಗ್ರೋತ್ ಫ್ಯಾಕ್ಟರ್. ತಾಯಿಯ ರಕ್ತನಾಳಗಳು ಸಡಿಲವಾಗಿ, ಆರೋಗ್ಯವಾಗಿ ಇರಲು ಅದು ಬೇಕು. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಪಿಎಲ್‌ಜಿಎಫ್ ಮನೆಯಿಂದ ಹೊರಟ ಊಟದ ಡಬ್ಬ. ಎಸ್‌ಫ್ಲಿಟ್ ದಾದರ್ ಸ್ಟೇಷನ್ನಿನಲ್ಲೇ ನಿಂತು ಬಂದ ಡಬ್ಬಗಳನ್ನೆಲ್ಲ ಕಸಿದುಕೊಳ್ಳುವವ. ಆಫೀಸಿನಲ್ಲಿ ಕೂತವರಿಗೆ ಉಪವಾಸ.

ಇದನ್ನು ಹಿಡಿದವರು ಹೆರಿಗೆ ಡಾಕ್ಟರುಗಳಲ್ಲ ಅನ್ನುವುದು ನಮಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ! ಬಾಸ್ಟನ್‌ನಲ್ಲಿದ್ದ ಕಿಡ್ನಿ ತಜ್ಞ, ಭಾರತೀಯ ಮೂಲದ ಅನಂತ್ ಕರುಮಂಚಿ ಮತ್ತು ಅವರ ತಂಡ. 2003ರಲ್ಲಿ ಅವರು ಇಲಿಗಳ ಮೈಯಲ್ಲಿ ಎಸ್‌ಫ್ಲಿಟ್ ಹೆಚ್ಚಿಸಿದರು. ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಬಸಿರೇ ಇಲ್ಲದ ಇಲಿಗಳಿಗೂ ಬಂತು, ನೋಡಿ! ಮರುವರ್ಷ, ಶೇಖರಿಸಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಇನ್ನೊಂದು ಗೊತ್ತಾಯಿತು. ಕಾಯಿಲೆ ಕಾಣಿಸಿಕೊಳ್ಳುವ ಸುಮಾರು 5 ವಾರ ಮೊದಲೇ ಎಸ್‌ಫ್ಲಿಟ್ ಏರಲು ಶುರುವಾಗಿರುತ್ತದೆ. ಪಿಎಲ್‌ಜಿಎಫ್ ಅದಕ್ಕೂ ಮುಂಚಿನಿಂದಲೇ ಕಮ್ಮಿ.

ಇಲ್ಲಿ ಒಂದು ಕಥೆ ಹೇಳಲೇಬೇಕು. ನನ್ನ ಕಥೆ ಮೊದಲೇ ಕೇಳಿದವರು ಮೊಬೈಲ್ ನೋಡಬಹುದು. ಡೊಂಬಿವಲಿಯಲ್ಲಿ ಪರಿಚಯದವರ ಸೊಸೆಗೆ ಸೀಮಂತ. ನಾನು ಊಟಕ್ಕೆ ಹೋದವಳು. ಹಸಿರು ಗಾಜಿನ ಬಳೆ ತೊಡಿಸುತ್ತಿದ್ದಾರೆ. ತಿಂಗಳ ಹಿಂದೆ ಅಳತೆ ಕೊಟ್ಟು ತರಿಸಿದ ಬಳೆ, ಈಗ ಬೆರಳಿನ ಗೆಣ್ಣೇ ದಾಟುತ್ತಿಲ್ಲ. ಒಬ್ಬ ಹಿರಿಯರು, "ಸೋಪು ಹಚ್ಚಿ, ಬಸುರಿ ಅಂದ್ಮೇಲೆ ಮೈಯಲ್ಲಿ ನೀರು ಇದ್ದದ್ದೇ" ಅಂದರು. ಸೋಪು ಹಚ್ಚಿ ಒತ್ತಿದರು. ಬಳೆ ಚಟ್ ಅಂತ ಒಡೆಯಿತು. ಮನೆಯೆಲ್ಲ ಗಪ್‌ಚುಪ್. ಶುಭಕಾರ್ಯದಲ್ಲಿ ಬಳೆ ಒಡೆಯಿತಲ್ಲ ಅಂತ ಎಲ್ಲರಿಗೂ ಚಿಂತೆ. ಕೈ ಯಾಕೆ ಊದಿತು ಅಂತ ಒಬ್ಬರೂ ಕೇಳಲಿಲ್ಲ. ಹುಡುಗಿ ಮೆಲ್ಲಗೆ ನನ್ನ ಹತ್ತಿರ, "ಡಾಕ್ಟರಮ್ಮ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಹೋಳಿಗೆ ಜಾಸ್ತಿ ಆಯ್ತೇನೋ" ಅಂದಳು. ಕಣ್ಣ ಮುಂದೆ ಮಿಂಚಿದ ಹಾಗೆ ಬೇರೆ ಆಗುತ್ತಿತ್ತಂತೆ. ಕೆಳಗಿನ ಮನೆಯ ಅಜ್ಜನ ಬಿಪಿ ಮಷಿನ್ ತರಿಸಿದೆ. 164/110. ಆರತಿ ಅಲ್ಲೇ ಬಿಟ್ಟು ಹೊರಟೆವು. ಮಗು ಅವಧಿಗೆ ಮೊದಲೇ ಹುಟ್ಟಿತು. ಈಗ ಅವನು ಕಾಂಪೌಂಡಿನಲ್ಲಿ ಕ್ರಿಕೆಟ್ ಆಡುತ್ತಾನೆ, ನನ್ನ ಕಾರಿನ ಗಾಜನ್ನೂ ಒಡೆದಿದ್ದಾನೆ.

ಅವಳಿಗೆ ಪಿಎಲ್‌ಜಿಎಫ್ ಅಳೆಯುವ ರಕ್ತಪರೀಕ್ಷೆ ಬೇಕಿರಲಿಲ್ಲ. ಅಜ್ಜನ ಮಷಿನ್ನೇ ಸಾಕಾಯಿತು. ಪರೀಕ್ಷೆ ಬೇಕಿರುವುದು ನನ್ನ ವಿರಾರ್ ಹೆಂಗಸಿಗೆ. 2016ರಲ್ಲಿ ಬಂದ ಪ್ರೊಗ್ನೋಸಿಸ್ ಅಧ್ಯಯನ ನೋಡಿದ್ದು ಇಂಥವರನ್ನೇ. ಎಸ್‌ಫ್ಲಿಟ್ ಅನ್ನು ಪಿಎಲ್‌ಜಿಎಫ್‌ನಿಂದ ಭಾಗಿಸಿದಾಗ 38 ಅಥವಾ ಅದಕ್ಕಿಂತ ಕಮ್ಮಿ ಬಂದರೆ, ಮುಂದಿನ ಒಂದು ವಾರ ಈ ಕಾಯಿಲೆ ಬರುವುದಿಲ್ಲ ಅನ್ನುವ ಮಾತು 99.3 ಶೇಕಡಾ ನಿಜವಾಯಿತು. ಜಾಸ್ತಿ ಬಂದರೆ? ನಾಲ್ಕು ವಾರದೊಳಗೆ ಕಾಯಿಲೆ ಬಂದದ್ದು 36.7 ಶೇಕಡಾ ಜನಕ್ಕೆ ಮಾತ್ರ. ಅಂದರೆ ಈ ಪರೀಕ್ಷೆ "ಇಲ್ಲ" ಅಂದಾಗ ನಂಬಬಹುದು. "ಇದೆ" ಅಂದಾಗ ಕಣ್ಣಿಟ್ಟು ಕಾಯಬೇಕು. ಗಾಬರಿಯಿಂದ ಅವತ್ತೇ ಸಿಸೇರಿಯನ್ ಮಾಡಲು ಇದು ಪರವಾನಗಿ ಅಲ್ಲ. ಬ್ರಿಟನ್ನಿನ ಪ್ಯಾರಟ್ ಅಧ್ಯಯನದಲ್ಲಿ ಪಿಎಲ್‌ಜಿಎಫ್ ವರದಿ ಕೈಗೆ ಸಿಕ್ಕ ಡಾಕ್ಟರುಗಳು ಕಾಯಿಲೆ ಗುರುತಿಸಲು ತೆಗೆದುಕೊಂಡದ್ದು 1.9 ದಿನ. ಸಿಗದವರಿಗೆ 4.1 ದಿನ ಬೇಕಾಯಿತು.

ಇಷ್ಟೆಲ್ಲ ಇದ್ದೂ, ಬಿಪಿ ಪಟ್ಟಿಯನ್ನೇ ಸರಿಯಾಗಿ ಕಟ್ಟದ ಕಡೆ ಈ ಪರೀಕ್ಷೆ ತಂದು ಏನು ಮಾಡುವುದು? ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಸುಮ್ನೆ ಜಾಸ್ತಿ ತೋರಿಸುತ್ತದೆ. ಮೆಟ್ಟಿಲು ಹತ್ತಿ ಬಂದವಳನ್ನು ಐದು ನಿಮಿಷ ಕೂರಿಸಿ, ಆಮೇಲೆ ನೋಡಿ.

ಆಯೋಜಕರಿಂದ ಚೀಟಿ ಬಂತು. "ಐದು ನಿಮಿಷ" ಅಂತ ಬರೆದಿದ್ದಾರೆ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ. ಈ ಕಾಯಿಲೆ ತಡೆಯಲು ಕೊಡುವ ಆಸ್ಪಿರಿನ್ ವಿಷಯ ಬೇಗ ಮುಗಿಸುತ್ತೇನೆ. 11ರಿಂದ 14 ವಾರದೊಳಗೆ ಬಿಪಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಪಿಎಲ್‌ಜಿಎಫ್ ಎಲ್ಲ ಸೇರಿಸಿ ಅಪಾಯದ ಲೆಕ್ಕ ಹಾಕುತ್ತಾರೆ. ಅಪಾಯ ಜಾಸ್ತಿ ಇದ್ದವರಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ ಅಧ್ಯಯನ 2017ರಲ್ಲಿ ಬಂತು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ ಅವರಲ್ಲಿ 4.3ರಿಂದ 1.6 ಶೇಕಡಾಕ್ಕೆ ಇಳಿಯಿತು. ಹಾಗಂತ ಮೆಡಿಕಲ್ ಶಾಪಿನಿಂದ ನೀವೇ ತಂದು ಸೊಸೆಗೆ ಕೊಡಬೇಡಿ. ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಬಗ್ಗೆ ಹೇಳಬೇಕಿತ್ತು, ಬಿಡಿ.

ಒಂದೇ ಒಂದು ಉಳಿಯಿತು. ಮಾಸು ಹೊರಬಿದ್ದ ಮೇಲೂ ಕೆಲವರಿಗೆ ಬಿಪಿ ಏರುತ್ತದೆ, ಆರು ವಾರದೊಳಗೆ ಹೊಸದಾಗಿಯೂ ಬರಬಹುದು. ಬಾಣಂತಿ ತಲೆನೋವು ಅಂದರೆ ಥಂಡಿ ಅಂತ ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟುತ್ತೀರಲ್ಲ, ಕಟ್ಟಿ. ಬಿಪಿಯನ್ನೂ ನೋಡಿಸಿ. ಹಿಂದಿನ ಬಾಗಿಲ ಹತ್ತಿರ ಇಬ್ಬರು ಸಿಸ್ಟರ್ ಮಷಿನ್ ಇಟ್ಟುಕೊಂಡು ಕೂತಿದ್ದಾರೆ. ಬಾತ್‌ನ ಕ್ಯೂಗೆ ಮೊದಲು ಅಲ್ಲಿ ಹೋಗಿ.