ಎಡಮಗ್ಗುಲಿಗೆ ಮಲಗಿಸಿದವರು

ಕೇಳುಗರಿಗೆ ನಮಸ್ಕಾರ.

ಸುಮಾರು ಐದು ಸಾವಿರ ವರ್ಷಗಳ ಹಿಂದೆ ಮಧ್ಯ ಯುರೋಪಿನಲ್ಲಿ ಹಸಿ ಮಡಕೆಯ ಮೈಗೆ ಹುರಿ ಒತ್ತಿ ಗೆರೆ ಮೂಡಿಸುವ ಜನರಿದ್ದರು. ಪುರಾತತ್ತ್ವಜ್ಞರು ಅವರನ್ನು ಗುರುತಿಸುವುದೇ ಆ ಮಡಕೆಗಳಿಂದ. ಹೆಣ ಹೂಳುವುದರಲ್ಲಿ ಅವರು ಬಲು ಕಟ್ಟುನಿಟ್ಟು. ಗಂಡಸಾದರೆ ಬಲಮಗ್ಗುಲು, ತಲೆ ಪಡುವಣಕ್ಕೆ. ಹೆಂಗಸಾದರೆ ಎಡಮಗ್ಗುಲು, ತಲೆ ಮೂಡಣಕ್ಕೆ. ಇಬ್ಬರಿಗೂ ಮೊಣಕಾಲು ಮಡಚಿ, ಮುಖವನ್ನು ತೆಂಕಣಕ್ಕೆ ತಿರುಗಿಸುತ್ತಿದ್ದರು. ಗಂಡಸಿನ ಪಕ್ಕದಲ್ಲಿ ಸಾಮಾನ್ಯವಾಗಿ ಕಲ್ಲಿನ ಕೊಡಲಿ. ಹೆಂಗಸಿನ ಜೊತೆ ಕೊರಳ ಸರ, ಕಾಲ ಬಳಿ ಮೊಟ್ಟೆಯಾಕಾರದ ಗಡಿಗೆ.

2011ರಲ್ಲಿ ಪ್ರಾಗ್ ನಗರದಲ್ಲಿ ಈ ಜನರದೇ ಒಂದು ಗೋರಿ ಬೆಳಕಿಗೆ ಬಂತು. ಎಲುಬು ಪರೀಕ್ಷಿಸಿದವರು ಗಂಡಸಿನದು ಎಂದರು. ಆದರೆ ಮಲಗಿಸಿದ್ದು ಎಡಮಗ್ಗುಲಿಗೆ. ಕೊಡಲಿ ಇಲ್ಲ, ಆಯುಧದ ಸುಳಿವಿಲ್ಲ. ಕಾಲ ಬಳಿ ಅದೇ ಗಡಿಗೆ.

ಪತ್ರಿಕೆಗಳು ‘ಸಲಿಂಗಕಾಮಿ ಗುಹಾಮಾನವ’ ಎಂದು ಕೂಗಿದವು. ಗುಹೆಯ ಮಾತೇ ಸುಳ್ಳು, ಇವರು ಬೇಸಾಯ ಮಾಡುತ್ತ ದನ ಸಾಕಿಕೊಂಡಿದ್ದವರು. ಇನ್ನು ಒಬ್ಬರು ಯಾರನ್ನು ಪ್ರೀತಿಸಿದರು ಎಂಬುದನ್ನು ಯಾವ ಗೋರಿಯೂ ಹೇಳಲಾರದು. ಅದು ಹೇಳುವುದು ಬೇರೆಯದನ್ನು. ಎಲುಬಿನಿಂದ ತಿಳಿಯುವುದು ದೇಹ. ಮಗ್ಗುಲು, ಗಡಿಗೆಗಳಿಂದ ತಿಳಿಯುವುದು ಹೂತವರು ಆ ಜೀವವನ್ನು ಯಾರೆಂದು ಬಗೆದಿದ್ದರು ಎಂಬುದು. ಇಷ್ಟು ನೇಮ ಪಾಲಿಸುವ ಜನ ಕೈತಪ್ಪಿ ಹೀಗೆ ಮಾಡಿರಲಾರರು ಎಂಬ ಅಗೆದವರ ಮಾತನ್ನು ನಾನು ಒಪ್ಪುತ್ತೇನೆ. ದೇಹ ಎಂಥದೇ ಇರಲಿ, ಹೆಂಗಸರಿಗೆ ಸಲ್ಲುವ ಮರ್ಯಾದೆ ಸಲ್ಲಿಸಿ ಕಳಿಸಿಕೊಟ್ಟಿದ್ದಾರೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿರುವುದು ಅದೇ.

ಎಲುಬು ನೋಡಿ ಮಾಡಿದ ತೀರ್ಮಾನವೇ ತಪ್ಪಿದ್ದರೆ? ಸ್ಪೇನಿನ ಸೆವಿಲ್ ಬಳಿಯ ವಲೆನ್ಸಿನಾದಲ್ಲಿ ಹಾಗೇ ಆಯಿತು. 2008ರಲ್ಲಿ ಸಿಕ್ಕ ಸಿರಿವಂತ ಗೋರಿಯೊಂದರಲ್ಲಿ ಆಫ್ರಿಕದ ಆನೆಯ ಇಡೀ ದಂತವೇ ಇತ್ತು. ಮೂಳೆಗಳು ಹಾಳಾಗಿದ್ದವು, 17ರಿಂದ 25ರ ಪ್ರಾಯದ ಗಂಡು, ಬಹುಶಃ ಊರಿನ ನಾಯಕ ಎಂದುಕೊಂಡರು. ಹಲ್ಲಿನ ಎನಾಮೆಲ್‌ನಲ್ಲಿರುವ ಒಂದು ಪ್ರೋಟೀನ್ ಗಂಡು ಹೆಣ್ಣುಗಳಲ್ಲಿ ಬೇರೆಬೇರೆ ರೂಪದಲ್ಲಿರುತ್ತದೆ, ಎಲುಬು ಕರಗಿದರೂ ಅದು ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಂಡಿನ ರೂಪ ಸಿಗಲೇ ಇಲ್ಲ. ಆ ಕಾಲದಲ್ಲಿ ಆ ಸೀಮೆಯಲ್ಲೇ ಅತಿ ದೊಡ್ಡ ಗೌರವ ಪಡೆದದ್ದು ಒಬ್ಬ ಹೆಣ್ಣುಮಗಳು.

ಕೊಡಲಿ ಕಂಡರೆ ಗಂಡು, ಸರ ಕಂಡರೆ ಹೆಣ್ಣು ಎಂದು ಹಿಂದೆ ಬರೆದಿಟ್ಟ ಚೀಟಿಗಳು ಮ್ಯೂಸಿಯಂಗಳಲ್ಲಿ ಇನ್ನೂ ಇವೆ. ಹಲ್ಲು ಉಳಿದಿರುವ ಕಡೆಯಲ್ಲೆಲ್ಲ ಅವನ್ನು ಮತ್ತೆ ಪರೀಕ್ಷಿಸಬೇಕು.