ಬಾಣಲೆಯೊಳಗಿನ ಊರು

ಕೇಳುಗರಿಗೆ ನಮಸ್ಕಾರ.

ನನ್ನ ಮುಂದೆ ಮೇಜಿನ ಮೇಲೆ ಒಂದು ಕಲ್ಲಿದೆ. ಬಾನುಲಿಯಲ್ಲಿ ಅದನ್ನು ತೋರಿಸುವಂತಿಲ್ಲ, ಮಾತಿನಲ್ಲೇ ಕಾಣಿಸಬೇಕು. ದೊಡ್ಡ ನಿಂಬೆಹಣ್ಣಿನಷ್ಟಿದೆ. ಬೂದಿ ಬಣ್ಣ, ಬೆಳಕಿಗೆ ತಿರುಗಿಸಿದರೆ ತುಸು ಹಸಿರು. ಮೈ ಒರಟು. ಹೆಬ್ಬೆರಳಿನಿಂದ ಉಜ್ಜಿದರೆ ಸಣ್ಣಗೆ ಪುಡಿ ಉದುರುತ್ತದೆ. ಒಳಗೆ ಅಲ್ಲಲ್ಲಿ ಕಪ್ಪು ಗಾಜಿನ ತುಣುಕುಗಳು, ಉಪ್ಪಿಟ್ಟಿನಲ್ಲಿ ಸೀದುಹೋದ ಉದ್ದಿನಬೇಳೆಯ ಹಾಗೆ ಸಿಕ್ಕಿಕೊಂಡಿವೆ. ಸ್ಯೂವೈಟ್ ಎಂದು ಇದರ ಹೆಸರು. ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ನೋರ್ಡ್ಲಿಂಗೆನ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿ ಕೆಲವು ಯೂರೋ ಕೊಟ್ಟು ಕೊಂಡದ್ದು. ಕೊಂಡು ಹೊರಗೆ ಬಂದು ನೋಡಿದರೆ ಊರಿನ ದೊಡ್ಡ ಚರ್ಚನ್ನೇ ಈ ಕಲ್ಲಿನಲ್ಲಿ ಕಟ್ಟಿದ್ದಾರೆ. ಸಮುದ್ರದ ದಂಡೆಯಲ್ಲಿ ಉಪ್ಪುನೀರು ಕೊಂಡವನ ಸ್ಥಿತಿ ನನ್ನದಾಯಿತು.

ನೋರ್ಡ್ಲಿಂಗೆನ್ ಇರುವುದು ಬವೇರಿಯಾದ ಪಶ್ಚಿಮದ ಅಂಚಿನಲ್ಲಿ. ಜನಸಂಖ್ಯೆ ಸುಮಾರು 20 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ಪುರಸಭೆಯ ಊರು. ಮ್ಯೂನಿಕ್ ಕಡೆಯಿಂದ ಬರುವವರು ಡಾನ್ಯೂಬ್ ದಂಡೆಯ ಡೋನಾವೋರ್ತ್‌ನಲ್ಲಿ ಇಳಿದು ಚಿಕ್ಕ ರೈಲು ಹಿಡಿಯಬೇಕು. ಆ ರೈಲು ವೋರ್ನಿಟ್ಸ್ ಹೊಳೆಯ ಜೊತೆಜೊತೆಗೆ ಗುಡ್ಡಗಳ ಸಂದಿಯಲ್ಲಿ ಸಾಗುತ್ತದೆ. ಹಾರ್ಬುರ್ಗ್ ಕೋಟೆಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಗುಡ್ಡಗಳು ಬದಿಗೆ ಸರಿದು, ಅಂಗೈಯಂಥ ಬಯಲು ತೆರೆದುಕೊಳ್ಳುತ್ತದೆ. ಎಲ್ಲಿ ನೋಡಿದರೂ ಹೊಲ, ಮರಗಳು ಕಡಿಮೆ. ದೂರದಲ್ಲಿ ಸುತ್ತಲೂ ಕಾಡು ಹೊದ್ದ ಗುಡ್ಡಗಳ ಸಾಲು, ಬಾಣಲೆಯ ಅಂಚಿನ ಹಾಗೆ. ಈ ಬಯಲಿನ ಹೆಸರು ರೀಸ್. ರೋಮನ್ನರ ರೇಟಿಯಾ ಪ್ರಾಂತ್ಯದ ಹೆಸರು ಸವೆದು ಸವೆದು ರೀಸ್ ಆಯಿತಂತೆ. ಅಡ್ಡಳತೆ ಸುಮಾರು 24 ಕಿಲೋಮೀಟರ್.

ಇಷ್ಟು ದುಂಡಗಿನ ಬಯಲು ಎಲ್ಲಿಂದ ಬಂತು? ಬಹುಕಾಲದವರೆಗೆ ವಿದ್ವಾಂಸರ ಉತ್ತರ ಒಂದೇ: ಇದು ಆರಿದ ಜ್ವಾಲಾಮುಖಿ. ಈ ಕಲ್ಲನ್ನು ನೋಡಿದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಬೆಂದ ಗುರುತು ಇದೆಯಲ್ಲ. ಆಕಾಶದಿಂದ ಏನೋ ಬಿದ್ದಿರಬೇಕು ಎಂದು 1904ರಷ್ಟು ಹಿಂದೆಯೇ ಒಬ್ಬರು ಬರೆದಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1960ರ ಬೇಸಗೆಯಲ್ಲಿ ಯೂಜೀನ್ ಶೂಮೇಕರ್ ಎಂಬ ಅಮೆರಿಕದ ಭೂವಿಜ್ಞಾನಿ ಇಲ್ಲಿಗೆ ಬಂದರು. ಪಕ್ಕದ ಓಟಿಂಗ್ ಹಳ್ಳಿಯ ಕಲ್ಲಿನ ಗಣಿಯಿಂದ ಕೆಲವು ಚೂರುಗಳನ್ನು ಆರಿಸಿ ತಮ್ಮ ಸಹೋದ್ಯೋಗಿ ಎಡ್ವರ್ಡ್ ಚಾವೋ ಅವರಿಗೆ ಕಳುಹಿಸಿದರು. ಚಾವೋ ಅವರಿಗೆ ಅದರಲ್ಲಿ ಕೋಯ್ಸೈಟ್ ಸಿಕ್ಕಿತು. ಕೋಯ್ಸೈಟ್ ಎಂದರೆ ನಮ್ಮ ಮರಳಿನಲ್ಲಿರುವ ಬೆಣಚುಕಲ್ಲಿನದೇ ಇನ್ನೊಂದು ರೂಪ. ಅದು ಹುಟ್ಟಲು ಬೇಕಾಗುವಷ್ಟು ಒತ್ತಡ ನೆಲದ ಮೇಲ್ಪದರದ ಯಾವ ಜ್ವಾಲಾಮುಖಿಯಲ್ಲೂ ಇರುವುದಿಲ್ಲ. ಆಕಾಶದಿಂದ ಬಂದ ಪೆಟ್ಟೊಂದೇ ಅಷ್ಟು ಒತ್ತಡ ಕೊಡಬಲ್ಲದು. ಅಲ್ಲಿಗೆ ವಾದ ಮುಗಿಯಿತು.

ಈಗ ತಿಳಿದಿರುವುದು ಇಷ್ಟು. ಒಂದೂಕಾಲು ಒಂದೂವರೆ ಕೋಟಿ ವರ್ಷ ಎಂದು ಕೈಬೀಸಿ ಹೇಳಬೇಕಿಲ್ಲ, ಲೆಕ್ಕ ಸ್ಪಷ್ಟವಾಗಿದೆ: ಸುಮಾರು 1 ಕೋಟಿ 48 ಲಕ್ಷ ವರ್ಷಗಳ ಹಿಂದೆ, ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ಅಡ್ಡಳತೆಯ ಕ್ಷುದ್ರಗ್ರಹವೊಂದು ಇಲ್ಲಿ ಅಪ್ಪಳಿಸಿತು. ಕರಗಿದ ಮರಳು ಚಿಮ್ಮಿ ಇಂದಿನ ಚೆಕ್ ದೇಶದ ನೆಲದವರೆಗೂ ಹೋಗಿ ಹಸಿರು ಗಾಜಿನ ಹನಿಗಳಾಗಿ ಬಿತ್ತು. ಅದನ್ನು ಇಂದಿಗೂ ಆಭರಣಕ್ಕೆ ಬಳಸುತ್ತಾರೆ. ಕುಳಿಯಲ್ಲಿ ನೀರು ನಿಂತು ಕೆರೆಯಾಯಿತು, ಕೆರೆ ಹೂಳು ತುಂಬಿ ಬಯಲಾಯಿತು. ಮಹಾರಾಷ್ಟ್ರದ ಲೋಣಾರ್ ಸರೋವರವನ್ನು ಕಂಡವರು ಅದನ್ನು ನೆನೆದುಕೊಳ್ಳಿ. ಅದೂ ಇದೇ ಬಗೆಯ ಕುಳಿ, ಆದರೆ ಅಡ್ಡಳತೆ ಎರಡು ಕಿಲೋಮೀಟರ್ ಕೂಡ ಇಲ್ಲ. ರೀಸ್ ಕುಳಿಯೊಳಗೆ ಒಂದು ಪಟ್ಟಣ, ಹತ್ತಾರು ಹಳ್ಳಿಗಳು, ರೈಲು ದಾರಿ ಎಲ್ಲ ಸೇರಿಕೊಂಡಿವೆ.

ಆ ಪೆಟ್ಟಿಗೆ ನೆಲದಾಳದ ಗ್ರಾಫೈಟ್ ವಜ್ರವಾಯಿತು. ರೀಸ್ ಕುಳಿಯಲ್ಲಿ ಸುಮಾರು 72,000 ಟನ್ ವಜ್ರವಿದೆ ಎಂಬ ಅಂದಾಜು ಉಂಟು. ಆಸೆಪಡಬೇಡಿ. ಒಂದೊಂದು ಕಣವೂ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಚಿಕ್ಕದು, ಮೂಗುಬೊಟ್ಟಿಗೂ ಬರುವುದಿಲ್ಲ. 1970ರಲ್ಲಿ ಅಪೊಲೊ 14ರ ಗಗನಯಾತ್ರಿಗಳಾದ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಕಲ್ಲನ್ನು ಗುರುತಿಸುವುದು ಹೇಗೆಂದು ಕಲಿಯಲು ಇಲ್ಲಿಗೆ ಬಂದಿದ್ದರು. ಆ ಉಪಕಾರಕ್ಕೆ ಪ್ರತಿಯಾಗಿ ಎಂಬಂತೆ, ಅಪೊಲೊ 16 ತಂದ ಚಂದ್ರಶಿಲೆಯ ತುಂಡೊಂದು ಈಗ ಈ ಊರಿನ ಸಂಗ್ರಹಾಲಯದಲ್ಲಿದೆ. ಸಂಗ್ರಹಾಲಯವೆಂದರೆ 1503ರ ಒಂದು ಹಳೆಯ ಕಣಜದ ಕಟ್ಟಡ. ಮರದ ತೊಲೆಗಳ ಕೆಳಗೆ ಚಂದ್ರನ ತುಂಡು. ಗಾಜಿನ ಪೆಟ್ಟಿಗೆಯ ಮುಂದೆ ನಾನು ಎಷ್ಟು ಹೊತ್ತು ನಿಂತೆನೆಂದರೆ ಕಾವಲುಗಾರರು ಎರಡು ಸಲ ಕೆಮ್ಮಿದರು.

ಇಷ್ಟಕ್ಕೂ ಸೋಜಿಗವೆಂದರೆ ಆ ಚರ್ಚು. ಸಂತ ಜಾರ್ಜ್ ಚರ್ಚನ್ನು 1427ರಿಂದ 1505ರವರೆಗೆ ಕಟ್ಟಿದರು. ಅದರ ಗೋಪುರಕ್ಕೆ ಊರಿನವರು ಮನುಷ್ಯರ ಹೆಸರನ್ನೇ ಇಟ್ಟಿದ್ದಾರೆ: ಡೇನಿಯಲ್. ಎತ್ತರ 90 ಮೀಟರ್, ಮೆಟ್ಟಿಲು 350. ನೆಲಕ್ಕೆ ಬಡಿದ ಸಿಡಿಲಿನಂಥ ಪೆಟ್ಟಿನ ಸಾಕ್ಷಿಯನ್ನು ಕಲ್ಲುಕಲ್ಲಾಗಿ ಜೋಡಿಸಿ ಆಕಾಶಕ್ಕೆ ಎತ್ತಿ ನಿಲ್ಲಿಸಿದ್ದರು, ಆದರೆ ಅದು ಸಾಕ್ಷಿಯೆಂದು ನಾಲ್ಕೂವರೆ ಶತಮಾನ ಯಾರಿಗೂ ತಿಳಿಯಲಿಲ್ಲ. ಸುಲಭವಾಗಿ ಕೆತ್ತಬಹುದಾದ ಕಲ್ಲು, ಹತ್ತಿರದಲ್ಲೇ ಸಿಗುತ್ತಿತ್ತು. ಮೇಸ್ತ್ರಿಗಳಿಗೆ ಅಷ್ಟು ಸಾಕಾಗಿತ್ತು. ಸುಲಭವಾಗಿ ಕೆತ್ತಬಹುದಾದದ್ದು ಸುಲಭವಾಗಿ ಸವೆಯುತ್ತದೆ ಕೂಡ. ಹಾಗಾಗಿ ಗೋಪುರದ ದುರಸ್ತಿ ಮುಗಿಯದ ಕೆಲಸ.

ಡೇನಿಯಲ್‌ನ ನೆತ್ತಿಯ ಮೇಲೆ ನಿಂತರೆ ಇಡೀ ಊರು ಒಂದು ಚಿತ್ರದಂತೆ ಕಾಣುತ್ತದೆ. ಕೆಂಪು ಹೆಂಚಿನ ಮಾಡುಗಳು ಒತ್ತೊತ್ತಾಗಿ ಸೇರಿ ಒಂದು ವೃತ್ತ. ಆ ವೃತ್ತಕ್ಕೆ ಗೆರೆ ಎಳೆದಂತೆ ಕೋಟೆಗೋಡೆ. ಗೋಡೆಯಾಚೆ ಹೊಸ ಬಡಾವಣೆ, ಆಮೇಲೆ ಹೊಲ, ಕೊನೆಗೆ ಕುಳಿಯ ಅಂಚು. ಗೋಡೆ ದುಂಡಗಿರುವುದಕ್ಕೂ ಕುಳಿ ದುಂಡಗಿರುವುದಕ್ಕೂ ಸಂಬಂಧವಿಲ್ಲ ಎಂದು ತಿಳಿದಿದ್ದರೂ ಕಣ್ಣು ಒಪ್ಪುವುದಿಲ್ಲ.

ಊರಿನ ಹೆಸರು ದಾಖಲೆಯಲ್ಲಿ ಮೊದಲು ಬರುವುದು 898ರಲ್ಲಿ, ರೇಗೆನ್ಸ್‌ಬುರ್ಗ್‌ನ ಬಿಷಪ್‌ಗೆ ದಾನವಾಗಿ ಹೋದ ಒಂದು ರಾಜಸ್ವತ್ತಾಗಿ. 1215ರಲ್ಲಿ ಜರ್ಮನ್ ದೊರೆ ಎರಡನೆಯ ಫ್ರೆಡರಿಕ್ ಅದನ್ನು ಮರಳಿ ಪಡೆದು ಪಟ್ಟಣದ ಹಕ್ಕು ಕೊಟ್ಟ. ಮುಂದೆ ಅದು ಪವಿತ್ರ ರೋಮನ್ ಸಾಮ್ರಾಜ್ಯದ ಸ್ವತಂತ್ರ ಪಟ್ಟಣವಾಯಿತು. ಎಂದರೆ ಚಕ್ರವರ್ತಿಯೊಬ್ಬನನ್ನು ಬಿಟ್ಟರೆ ಬೇರಾವ ದೊರೆಗೂ ಕಪ್ಪ ಕೊಡಬೇಕಿಲ್ಲ, ಕೈಮುಗಿಯಬೇಕಿಲ್ಲ. ಪೆಂಟೆಕೋಸ್ಟ್ ಹಬ್ಬದ ಜಾತ್ರೆಯ ಉಲ್ಲೇಖ 1219ರಲ್ಲೇ ಸಿಗುತ್ತದೆ; ಬಟ್ಟೆ, ಚರ್ಮದ ವ್ಯಾಪಾರಕ್ಕೆ ದೂರದೂರದವರು ಬರುತ್ತಿದ್ದರು. ಊರು ಗೋಡೆಯನ್ನು ಮೀರಿ ಬೆಳೆಯಿತು. 1327ರಲ್ಲಿ ಹೊರಗೆ ಹೊಸ ಗೋಡೆ ಕಟ್ಟಲು ಆಜ್ಞೆಯಾಯಿತು. ಅದೇ ಈಗ ನಿಂತಿರುವುದು: ಸುಮಾರು 2.7 ಕಿಲೋಮೀಟರ್ ಉದ್ದ, ಐದು ಹೆಬ್ಬಾಗಿಲು, ಮೇಲೆ ಮಾಡು ಹೊದಿಸಿದ ನಡೆದಾರಿ. ಮಳೆ ಬರುತ್ತಿದ್ದರೂ ಕೊಡೆಯಿಲ್ಲದೆ ಊರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಬಹುದು. ಒಳಮಗ್ಗುಲಿಗೆ, ಗೋಡೆಗೇ ಬೆನ್ನು ಕೊಟ್ಟು, ಗುಬ್ಬಚ್ಚಿ ಗೂಡಿನಂಥ ಪುಟ್ಟ ಮನೆಗಳಿವೆ. ಬಡವರಿಗೆಂದು ಕಟ್ಟಿದವು. ಒಂದರ ಕಿಟಕಿಯಲ್ಲಿ ಟೊಮ್ಯಾಟೊ ಗಿಡದ ಕುಂಡ, ಇನ್ನೊಂದರ ಬಾಗಿಲಲ್ಲಿ ಮಗುವಿನ ಸೈಕಲ್ಲು.

ಸ್ವತಂತ್ರ ಪಟ್ಟಣ ಎಂಬ ಮಾತನ್ನು ಕೇಳಿ ತಲೆದೂಗುವ ಮೊದಲು ಇನ್ನೊಂದು ಸಂಗತಿ ಹೇಳಬೇಕು. ಆ ಕಾಲದ ಪುರಸಭೆಯೇ ನ್ಯಾಯಾಲಯವೂ ಆಗಿತ್ತು. ತೆರಿಗೆ ಹಾಕುವವರೂ ಅವರೇ, ಕೊರಳಿಗೆ ಉರುಲು ಹಾಕುವವರೂ ಅವರೇ. 1589ರಿಂದ ಐದು ವರ್ಷಗಳಲ್ಲಿ ಮಾಟಗಾತಿಯರೆಂದು ಆರೋಪ ಹೊರಿಸಿ 34 ಹೆಂಗಸರನ್ನೂ ಒಬ್ಬ ಗಂಡಸನ್ನೂ ಈ ಊರು ಕೊಂದಿತು. ಸತ್ತವರಲ್ಲಿ ಪುರಸಭೆಗೆ ಹತ್ತಿರದ ಮನೆತನದ ಹೆಂಗಸರೂ ಇದ್ದರು. ಮರಿಯಾ ಹೋಲ್ ಎಂಬ ಛತ್ರದ ಒಡತಿಯನ್ನು 1593ರಲ್ಲಿ ಹಿಡಿದರು. 62 ಸಲ ಚಿತ್ರಹಿಂಸೆ ಕೊಟ್ಟರು. ಆಕೆ ತಪ್ಪೊಪ್ಪಿಕೊಳ್ಳಲಿಲ್ಲ. ಅಷ್ಟರಲ್ಲಿ ಆಕೆಯ ತವರಾದ ಉಲ್ಮ್ ಪಟ್ಟಣದವರು ಮಧ್ಯೆ ಬಂದರು. 1594ರಲ್ಲಿ ಬಿಟ್ಟರು, ಆದರೆ ಪುರಸಭೆಯ ಮೇಲೆ ಸೇಡು ತೀರಿಸಿಕೊಳ್ಳುವುದಿಲ್ಲ ಎಂದು ಆಕೆಯಿಂದಲೇ ಪ್ರಮಾಣ ಮಾಡಿಸಿಕೊಂಡು ಬಿಟ್ಟರು! ಆ ಸಲದ ಬೇಟೆ ಅಲ್ಲಿಗೆ ನಿಂತಿತು. ಇಂದು ಆಕೆಯ ಹೆಸರಿನ ಕಾರಂಜಿಯೊಂದು ಊರಿನಲ್ಲಿದೆ. ಅದರ ಕಟ್ಟೆಯ ಮೇಲೆ ಕುಳಿತು ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದರು.

1634ರ ಸೆಪ್ಟೆಂಬರಿನಲ್ಲಿ, ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡೆದ ಮೂವತ್ತು ವರ್ಷಗಳ ಯುದ್ಧದ ನಡುವೆ, ಊರ ಹೊರಗಿನ ಗುಡ್ಡದ ಬಳಿ ದೊಡ್ಡ ಕಾಳಗವಾಯಿತು. ಚಕ್ರವರ್ತಿ ಮತ್ತು ಸ್ಪೇನಿನ ಸೇನೆಗಳು ಸ್ವೀಡನ್ನರ ಸೇನೆಯನ್ನು ನುಚ್ಚುನೂರು ಮಾಡಿದವು. ಮುತ್ತಿಗೆಯಲ್ಲಿ ಹಸಿದು ಕುಳಿತಿದ್ದ ಪ್ರೊಟೆಸ್ಟೆಂಟ್ ನೋರ್ಡ್ಲಿಂಗೆನ್ ಶರಣಾಯಿತು. ಆ ಪೆಟ್ಟಿನಿಂದ ಊರು ಮತ್ತೆ ಏಳಲಿಲ್ಲ. ನನ್ನ ಮಟ್ಟಿಗೆ ಕೋಟೆಗೋಡೆ ಉಳಿದದ್ದರ ಗುಟ್ಟು ಇದೇ. ವ್ಯಾಪಾರ ಬೆಳೆದ ಊರುಗಳು ಗೋಡೆ ಕೆಡವಿ ರಸ್ತೆ ಅಗಲ ಮಾಡಿದವು. ಇವರ ಬಳಿ ಕೆಡವುವುದಕ್ಕೂ ಹಣವಿರಲಿಲ್ಲ, ಅಗತ್ಯವೂ ಇರಲಿಲ್ಲ. ಕೊನೆಗೆ ಕೆಡವಲು ಹೊರಟ ಹೊತ್ತಿಗೆ ಬವೇರಿಯಾದ ದೊರೆ ಒಂದನೆಯ ಲುಡ್ವಿಗ್ 1826ರಲ್ಲಿ ಕೂಡದು ಎಂದುಬಿಟ್ಟ. ಅಷ್ಟು ಹೊತ್ತಿಗೆ ಹಾಗೆ ಹೇಳುವ ಅಧಿಕಾರ ಆ ದೊರೆಗೆ ಬಂದಿತ್ತು, ಏಕೆಂದರೆ ನೆಪೋಲಿಯನ್ನನ ಗದ್ದಲದಲ್ಲಿ, 1802-03ರಲ್ಲಿ, ಈ ಸ್ವತಂತ್ರ ಪಟ್ಟಣ ಬವೇರಿಯಾದ ಮಡಿಲಿಗೆ ಬಿದ್ದಿತ್ತು.

ಪಟ್ಟಣವೇ ಒಂದು ಜಿಲ್ಲೆಗೆ ಸಮ ಎಂಬ ಸ್ಥಾನ ಮಾತ್ರ ಇನ್ನೂ ಉಳಿದಿತ್ತು. 1972ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ಅದೂ ಹೋಯಿತು. ಹೊಸ ಜಿಲ್ಲೆಗೆ ಡೋನಾವ್-ರೀಸ್ ಎಂದು ಹೆಸರಾಯಿತು, ಜಿಲ್ಲಾ ಕಚೇರಿ ಮಾತ್ರ ಡೋನಾವೋರ್ತ್‌ಗೆ ಹೋಯಿತು. ಜಿಲ್ಲಾ ಕೇಂದ್ರ ಕಳೆದುಕೊಂಡ ಊರಿನವರ ಸಂಕಟ ನಮ್ಮವರಿಗೆ ವಿವರಿಸಬೇಕಿಲ್ಲ. ಕಾರಿನ ನಂಬರ್ ಫಲಕದಿಂದ ಕೂಡ ಊರಿನ ಅಕ್ಷರಗಳು ಮಾಯವಾದವು. ಹಳೆಯ ಅಕ್ಷರಗಳನ್ನು ಬೇಕಾದವರು ಹಾಕಿಕೊಳ್ಳಬಹುದು ಎಂಬ ಅನುಮತಿ ಸಿಕ್ಕಿದ್ದು 2013ರಲ್ಲಿ. ಸಮಾಧಾನಕ್ಕೆಂದು ಊರಿಗೆ ‘ಹಿರಿಯ ಜಿಲ್ಲಾ ಪಟ್ಟಣ’ ಎಂಬ ಬಿರುದು ಕೊಟ್ಟರು. ಬರಿಯ ಬಿರುದಲ್ಲ, ಜಿಲ್ಲಾಡಳಿತದ ಕೆಲವು ಕೆಲಸಗಳು ಅದರೊಂದಿಗೆ ಬರುತ್ತವೆ. ಮನೆ ಕಟ್ಟುವ ಪರವಾನಗಿಯನ್ನು ಪುರಭವನದಲ್ಲೇ ಕೊಡುತ್ತಾರೆ. ಆ ಹತ್ತಾರು ವರ್ಷಗಳಲ್ಲಿ ಸುತ್ತಲಿನ ಹಳ್ಳಿಗಳನ್ನೂ ಪಟ್ಟಣಕ್ಕೆ ಸೇರಿಸಿದರು.

ಚುನಾವಣೆ ಆರು ವರ್ಷಕ್ಕೊಮ್ಮೆ. ಮೇಯರ್ ಅವರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅವರು ಸಭೆಯ ಅಧ್ಯಕ್ಷರೂ ಹೌದು, ಕಚೇರಿಯ ಮುಖ್ಯಸ್ಥರೂ ಹೌದು. ನಮ್ಮಲ್ಲಿಯ ಹಾಗೆ ಅಧ್ಯಕ್ಷರು ಒಂದು ಕಡೆ, ಮುಖ್ಯಾಧಿಕಾರಿ ಇನ್ನೊಂದು ಕಡೆ ಎಂದಿಲ್ಲ. ಸದಸ್ಯರ ಸಂಖ್ಯೆಯನ್ನು ಬವೇರಿಯಾದ ಪೌರ ಕಾನೂನು ಜನಸಂಖ್ಯೆಯ ಮೇಲೆ ನಿಗದಿ ಮಾಡುತ್ತದೆ: 20 ಸಾವಿರದವರೆಗೆ 24, ಅದನ್ನು ದಾಟಿದರೆ 30. ಮತ ಹಾಕುವ ಬಗೆ ಬಲು ಸೊಗಸು. ಎಷ್ಟು ಸ್ಥಾನಗಳೋ ಅಷ್ಟು ಮತ ಒಬ್ಬೊಬ್ಬರ ಕೈಯಲ್ಲಿ. ಮೆಚ್ಚಿದ ಅಭ್ಯರ್ಥಿಗೆ ಮೂರರವರೆಗೆ ಕೊಡಬಹುದು. ಈ ಪಕ್ಷದ ಪಟ್ಟಿಯಿಂದ ನಾಲ್ವರು, ಆ ಪಟ್ಟಿಯಿಂದ ಇಬ್ಬರು ಎಂದು ಹಂಚಲೂಬಹುದು. ಮತಪತ್ರ ಮೇಜಿನ ಹಾಸಿನಷ್ಟು ದೊಡ್ಡದು. ಲೆಕ್ಕ ತಪ್ಪಿ ಹೆಚ್ಚು ಗುರುತು ಹಾಕಿದರೆ ಎಲ್ಲ ವ್ಯರ್ಥ. ನಾನು ತಂಗಿದ್ದ ಮನೆಯ ಅಜ್ಜಿ ಹಿಂದಿನ ರಾತ್ರಿಯೇ ಪೆನ್ಸಿಲಿನಿಂದ ಲೆಕ್ಕ ಮಾಡಿಟ್ಟುಕೊಳ್ಳುವರಂತೆ, ಸಂತೆಚೀಟಿ ಬರೆಯುವ ಹಾಗೆ.

ವರ್ಷಕ್ಕೊಮ್ಮೆಯಾದರೂ ಮೇಯರ್ ಊರಿನವರ ಸಭೆ ಕರೆಯಲೇಬೇಕು. ಅಲ್ಲಿ ಜನ ಒಪ್ಪಿದ ಸಲಹೆಯನ್ನು ಪುರಸಭೆ ಮೂರು ತಿಂಗಳೊಳಗೆ ಕೈಗೆತ್ತಿಕೊಳ್ಳಬೇಕು. ಕೆಲಸಗಳು ಎಲ್ಲ ಊರುಗಳವೇ: ನೀರು, ಶಿಶುವಿಹಾರ, ಸ್ಮಶಾನ, ಅಗ್ನಿಶಾಮಕ ದಳ. ಕೋಟೆಯೊಳಗಿನವರಿಗೆ ಒಂದು ಹೆಚ್ಚುವರಿ ಕಷ್ಟ. ಹಳೆಯ ಮನೆಯ ಕಿಟಕಿ ಬದಲಿಸಬೇಕೆಂದರೂ ಸ್ಮಾರಕ ರಕ್ಷಣೆಯ ಅನುಮತಿ ಬೇಕು.

ಈ ಎಲ್ಲ ಕಾರುಬಾರು ನಡೆಯುವ ಪುರಭವನ 1382ರಿಂದಲೂ ಅದೇ ಕೆಲಸಕ್ಕಿದೆ. ಹೊರಗೋಡೆಗೆ ಹೊಂದಿಕೊಂಡು 1618ರಲ್ಲಿ ಕಟ್ಟಿದ ಕಲ್ಲಿನ ಮೆಟ್ಟಿಲ ಸಾಲು. ಅದರ ಬುಡದಲ್ಲಿ ಗಿಡ್ಡ ಬಾಗಿಲು. ಒಳಗೆ ಹಿಂದೆ ಸೆರೆಕೋಣೆ. ಬಾಗಿಲ ಬಳಿ ಗಂಟೆಟೋಪಿಯ ವಿದೂಷಕನೊಬ್ಬನನ್ನು ಕೆತ್ತಿದ್ದಾರೆ. ಪಕ್ಕದಲ್ಲಿ ಬರಹ: ‘ಈಗ ನಾವಿಬ್ಬರಾದೆವು.’ ಓದಲು ಬಗ್ಗಿದವನೇ ಎರಡನೆಯ ಪೆದ್ದ. ಚೀಲದಲ್ಲಿದ್ದ ಕಲ್ಲನ್ನು ಮುಟ್ಟಿ ನೋಡಿಕೊಂಡು ನಾನು ಮಾತಿಲ್ಲದೆ ಒಪ್ಪಿಕೊಂಡೆ.

ಪುರಸಭೆಯ ಸಂಬಳದ ಪಟ್ಟಿಯಲ್ಲಿ ಬೇರೆ ಊರುಗಳಲ್ಲಿ ಅಪರೂಪವಾದ ಒಂದು ಹುದ್ದೆ ಇಲ್ಲಿದೆ: ಗೋಪುರದ ಕಾವಲುಗಾರ. ಹಗಲು ಡೇನಿಯಲ್‌ನ ಮೇಲೆ ಟಿಕೆಟ್ ಕೊಡುವುದು, ರಾತ್ರಿ ಕೂಗುವುದು. 1440ರಲ್ಲಿ ನೆರೆಯ ಓಟಿಂಗೆನ್ ಸೀಮೆಯ ಒಡೆಯನಾದ ಕೌಂಟ್ ಹೆಬ್ಬಾಗಿಲಿನ ಕಾವಲುಗಾರರಿಗೆ ಲಂಚ ಕೊಟ್ಟು ಬಾಗಿಲು ತೆರೆದಿಡಿಸಿದ್ದನಂತೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನೋಡುತ್ತಾಳೆ, ಹಂದಿಯೊಂದು ಬಾಗಿಲಿಗೆ ಮೈ ಉಜ್ಜಿಕೊಳ್ಳುತ್ತಿದೆ, ಬಾಗಿಲು ಅಲುಗುತ್ತಿದೆ! ‘ಸೋ ಗ್ಸೆಲ್ ಸೋ’ ಎಂದು ಕೂಗಿದಳಂತೆ. ಹೀಗೋ ಗೆಳೆಯಾ, ಹೀಗೋ ನಿನ್ನ ಆಟ, ಎಂದಂತೆ. ಹಂದಿ ಊರನ್ನು ಉಳಿಸಿತು ಎಂಬ ಕತೆಯನ್ನು ಇಲ್ಲಿಯವರು ಹೆಮ್ಮೆಯಿಂದಲೇ ಹೇಳುತ್ತಾರೆ.

ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಆ ಕೂಗು ಇಂದಿಗೂ ಕೇಳುತ್ತದೆ. ನಾನು ಚೌಕದಲ್ಲಿ ನಿಂತು ಕಾದೆ. ಹನ್ನೊಂದೂವರೆಗೆ ಗೋಪುರದ ತುದಿಯಿಂದ, ಎಳೆದು ಎಳೆದು, ಅದೇ ಮೂರು ಮಾತು ಇಳಿದು ಬಂತು. ಬಿಯರ್ ಅಂಗಡಿಯಿಂದ ಹೊರಬಿದ್ದ ಇಬ್ಬರು ಕತ್ತೆತ್ತಿ ಅಷ್ಟೇ ಎಳೆದು ತಿರುಗಿ ಕೂಗಿದರು. ಮೇಲೊಂದು ಟಾರ್ಚ್ ಎರಡು ಸಲ ಮಿನುಗಿ ಆರಿತು.

ನಮಸ್ಕಾರ.