ಮಾತಿತ್ತು, ಬರೆಯಲು ಬಿಡಲಿಲ್ಲ

ಕೇಳುಗರೇ, ನಮಸ್ಕಾರ.

ತೈವಾನ್ ಅಂದ ಕೂಡಲೇ ಕಂಪ್ಯೂಟರ್ ಚಿಪ್ಪು ನೆನಪಾಗುತ್ತದೆ, ಅಲ್ವಾ? ಇವತ್ತು ಹೇಳುವುದು ಬೇರೆ ಕತೆ. ಅಲ್ಲಿನ ಜನ ತಮ್ಮ ಮನೆಮಾತನ್ನು ಬರೆಯಲು ಪಟ್ಟ ಪಾಡಿನದು.

ಜಪಾನಿನ ಜತೆಗಿನ ಯುದ್ಧದಲ್ಲಿ ಸೋತ ಚೀನಾ 1895ರಲ್ಲಿ ತೈವಾನನ್ನು ಜಪಾನಿಗೆ ಬಿಟ್ಟುಕೊಟ್ಟಿತು. ಮುಂದಿನ 50 ವರ್ಷ ಜಪಾನಿನ ಆಳ್ವಿಕೆ. ಶಾಲೆಯಲ್ಲಿ ಕಲಿಸುತ್ತಿದ್ದುದು ಜಪಾನಿ. ಹಳೆಯ ಪಂಡಿತರು ಬರೆಯುತ್ತಿದ್ದುದು ಚೀನೀ ಗ್ರಂಥಭಾಷೆ. ಹೆಚ್ಚಿನವರು ಮನೆಯಲ್ಲಿ, ಸಂತೆಯಲ್ಲಿ ಆಡುತ್ತಿದ್ದುದು ಮಾತ್ರ ಹೊಕ್ಕಿಯನ್, ಅಂದರೆ ತೈವಾನಿ. ಅದರ ಎಷ್ಟೋ ದಿನಬಳಕೆಯ ಪದಗಳಿಗೆ ಎಲ್ಲರೂ ಒಪ್ಪಿದ ಅಕ್ಷರವೇ ಇರಲಿಲ್ಲ.

ಕ್ರೈಸ್ತ ಮಿಷನರಿಗಳು ಮಾತ್ರ ಅದನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಿದ್ದರು. ತೈನಾನ್ ಊರಿನಲ್ಲಿ 1885ರಿಂದಲೇ ಹಾಗೊಂದು ಪತ್ರಿಕೆ ಹೊರಡುತ್ತಿತ್ತು. ಆ ಬರಹವನ್ನು ಚರ್ಚಿನ ಆಚೆಗೂ ತರಬೇಕೆಂದು ಹೊರಟವರು ತ್ಸಾಯ್ ಪೇಯ್‌ಹುವೊ. ಸಾವಿರಾರು ಚೀನೀ ಅಕ್ಷರ ಕಲಿಯಲು ರೈತರಿಗೆ, ಕೂಲಿಯವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? 1925ರಲ್ಲಿ ಅವರು ರೋಮನ್ ಅಕ್ಷರದ ತೈವಾನಿಯಲ್ಲೇ ಒಂದು ಪುಸ್ತಕ ತಂದರು. ಊರಲ್ಲಿ ಪಾಠ ಶುರುಮಾಡಿದರೆ ಸರ್ಕಾರ ಅಡ್ಡ ಬಂತು. ಸರಿ, ಜಪಾನಿಯರದ್ದೇ ಕಾನಾ ಅಕ್ಷರ ಇಟ್ಟುಕೊಂಡು ಇನ್ನೊಂದು ಬರಹ ಕಟ್ಟಿದರು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ! ತಮಾಷೆ ನೋಡಿ, ಅದೇ ಹೊತ್ತಿಗೆ, 1931 ಮತ್ತು 1932ರಲ್ಲಿ, ಸರ್ಕಾರವೇ ತೈವಾನಿ-ಜಪಾನಿ ದೊಡ್ಡ ನಿಘಂಟು ಅಚ್ಚು ಹಾಕಿಸಿತು. ಅದರಲ್ಲಿ ಉಚ್ಚಾರಣೆ ತೋರಿಸಿದ್ದು ಕಾನಾದಲ್ಲೇ. ಅಂದಮೇಲೆ ತಕರಾರು ಲಿಪಿಯದ್ದಾಗಿರಲಿಲ್ಲ.

ಚೀನೀ ಅಕ್ಷರದಲ್ಲೇ ತೈವಾನಿ ಬರೆಯೋಣ ಎಂದವರೂ ಇದ್ದರು. ತಲೆಯ ಮೇಲೆ ತೈವಾನಿನ ಆಕಾಶ, ಕಾಲ ಕೆಳಗೆ ತೈವಾನಿನ ನೆಲ, ಬಾಯಲ್ಲಿ ತೈವಾನಿನ ಮಾತು. ಬರಹವೂ ಅದರಲ್ಲೇ ಇರಲಿ ಎಂದು 1930ರಲ್ಲಿ ಕೇಳಿದವರು ಹ್ವಾಂಗ್ ಶಿಹ್‌ಹುಯಿ. ಅಕ್ಷರ ಇಲ್ಲದ ಪದಗಳಿಗೆ ಹೊಸದನ್ನೇ ಮಾಡೋಣ ಎಂದರು ಕುವೊ ಚ್ಯೂಶೆಂಗ್. ಹಾಗೆ ಬರೆದರೆ ಚೀನಾದವರಿಗೆ ಅರ್ಥವಾಗುವುದಿಲ್ಲ, ಗ್ರಂಥಭಾಷೆ ಬಿಟ್ಟು ಚೀನಾದ ಆಡುಮಾತಿನಂತೆ ಬರೆಯುವ ಅಲ್ಲಿನ ಹೊಸ ಬರಹವೇ ಸಾಕು ಎಂದು ಇನ್ನು ಕೆಲವರು ಹಟ ಹಿಡಿದರು. ನಾಲ್ಕೈದು ವರ್ಷ ಜಗಳ ನಡೆಯಿತು.

ಚಾಂಗ್‌ಹುವಾ ಊರಿನ ಡಾಕ್ಟರ್ ಲಾಯ್ ಹೆ ಕತೆಗಾರರೂ ಹೌದು. 1935ರಲ್ಲಿ ಅವರು ಒಂದು ಕತೆಯನ್ನು ಬಹುಪಾಲು ತೈವಾನಿಯಲ್ಲೇ ಬರೆದು ನೋಡಿದರು. ಎರಡೇ ವರ್ಷದಲ್ಲಿ, 1937ರಲ್ಲಿ, ಪತ್ರಿಕೆಗಳ ಚೀನೀ ಪುಟಗಳು ನಿಂತುಹೋದವು. ಲಾಯ್ ಹೆ 1943ರಲ್ಲಿ ತೀರಿಕೊಂಡರು. ವೈದ್ಯ ಕಲಿತದ್ದು ಜಪಾನಿಯರ ಕಾಲೇಜಿನಲ್ಲಿ. ಆದರೂ ಜಪಾನಿ ಭಾಷೆಯಲ್ಲಿ ಒಂದೂ ಕತೆ ಬರೆಯಲಿಲ್ಲ.

ನಮಸ್ಕಾರ.